ಅಕ್ಕನ ರಕ್ತ ಬೇಡ, ಭಾವನ ರಕ್ತ ಇರಲಿ

ಪ್ರಶ್ನೆ: ಡಾಕ್ಟ್ರೇ, ನನ್ನ ತವರು ಜಗಳೂರು ತಾಲೂಕು. ಮದುವೆಯಾಗಿ ದಾವಣಗೆರೆಯಲ್ಲಿದ್ದೇನೆ. ನನ್ನ ತಮ್ಮನಿಗೆ 19 ವರ್ಷ, ಡಿಪ್ಲೊಮಾ ಓದುತ್ತಿದ್ದಾನೆ. ಮೂರು ತಿಂಗಳಿಂದ ಸುಸ್ತು, ವಸಡಿನಲ್ಲಿ ರಕ್ತ, ಕಾಲ ಮೇಲೆ ಕೆಂಪು ಚುಕ್ಕೆ. ರಕ್ತ ಕಮ್ಮಿ ಅಂತ ಊರಲ್ಲಿ ಟಾನಿಕ್ ಕೊಟ್ಟರು. ಕೊನೆಗೆ ಇಲ್ಲಿ ಬೋನ್ ಮ್ಯಾರೋ ಟೆಸ್ಟ್ ಮಾಡಿ ಸಿವಿಯರ್ ಎಪ್ಲಾಸ್ಟಿಕ್ ಅನೀಮಿಯಾ ಅಂದರು. ಹಿಮೋಗ್ಲೋಬಿನ್ 5.8, ಬಿಳಿ ಕಣ 1,600, ಅದರಲ್ಲಿ ನ್ಯೂಟ್ರೋಫಿಲ್ ಶೇ 18, ಪ್ಲೇಟ್‌ಲೆಟ್ 9,000. ಅಕ್ಕನ ಮ್ಯಾರೋ ಹೊಂದಿದರೆ ಬೆಂಗಳೂರಲ್ಲಿ ಹಾಕಬಹುದಂತೆ. ನನ್ನದು ಬಿ ಪಾಸಿಟಿವ್, ಅವನದು ಓ ಪಾಸಿಟಿವ್, ಗ್ರೂಪೇ ಬೇರೆ ಅಲ್ವಾ? ಮೂಳೆ ಕೊರೆಸಿಕೊಂಡರೆ ಇನ್ನೊಂದು ಮಗು ಆಗಲ್ಲ ಅಂತ ಅತ್ತೆ ಹೆದರಿಸುತ್ತಿದ್ದಾರೆ. ಹತ್ತನೇ ಕ್ಲಾಸಿನ ಇನ್ನೊಬ್ಬ ತಮ್ಮ ಇದ್ದಾನೆ. ಅಪ್ಪ ನಮ್ಮ ಅಮ್ಮನಿಗೆ ಸ್ವಂತ ಸೋದರಮಾವ, ಅದರಿಂದ ಬಂತಾ? ಹೊಲಕ್ಕೆ ಔಷಧಿ ಹೊಡೆಯೋಕೆ ಮಗನನ್ನ ಕಳಿಸಿದ್ದೆ, ಅದಕ್ಕೇ ಹೀಗಾಯ್ತು ಅಂತ ಅಪ್ಪ ಕೊರಗುತ್ತಾರೆ. ಎರಡು ಎಕರೆ ಮಾರಲು ಹೊರಟಿದ್ದಾರೆ. ತಮ್ಮನಿಗೆ ಕಾಯಿಲೆಯ ಹೆಸರು ಹೇಳಿಲ್ಲ. ಮೊದಲು ಏನು ಮಾಡಬೇಕು?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. ರಿಪೋರ್ಟ್ ಹಿಡಿದುಕೊಂಡು ನಿಮ್ಮ ಮನೆಯವರೆಲ್ಲ ನೋಡುತ್ತಿರುವುದು ಹಿಮೋಗ್ಲೋಬಿನ್ 5.8 ಅನ್ನುವುದನ್ನು. ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಬಿಳಿ ಕಣ 1,600, ಅದರಲ್ಲಿ ನೂರಕ್ಕೆ 18 ನ್ಯೂಟ್ರೋಫಿಲ್, ಅಂದರೆ 288. ಸೋಂಕು ಬಂದಾಗ ಮೊದಲು ಹೊಡೆದಾಡಲು ಹೋಗುವ ಕಣಗಳು ಇವು. ಆರೋಗ್ಯವಂತರಲ್ಲಿ 2,000ಕ್ಕಿಂತ ಮೇಲೆ ಇರುತ್ತವೆ. 500ಕ್ಕಿಂತ ಕೆಳಗಿಳಿದರೆ ಸಿವಿಯರ್, 200ಕ್ಕಿಂತ ಕೆಳಗಿಳಿದರೆ ವೆರಿ ಸಿವಿಯರ್. ರಕ್ತ ಕಮ್ಮಿಯಾದರೆ ಹಾಕಿಸಬಹುದು. ಪ್ಲೇಟ್‌ಲೆಟ್ ಕಮ್ಮಿಯಾದರೂ ಹಾಕಿಸಬಹುದು. ನ್ಯೂಟ್ರೋಫಿಲ್‌ಗೆ ಹಾಗೆ ಸುಲಭವಾಗಿ ಹಾಕಿಸುವ ಬ್ಯಾಗ್ ಇಲ್ಲ. ಅದಕ್ಕೇ ಈ ಕಾಯಿಲೆಯಲ್ಲಿ ನಮಗೆ ಜ್ವರದ ಭಯ ಜಾಸ್ತಿ.

ಹಾಗಾಗಿ ಅವಸರದ ಕೆಲಸ ಎರಡೇ. ಜ್ವರ ಬಂದರೆ ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ, ನಡುರಾತ್ರಿ ಆದರೂ ಸರಿ, ಹೇಗೆ ಹೋಗುತ್ತೀರಿ ಅಂತ ಇವತ್ತೇ ತೀರ್ಮಾನ ಮಾಡಿ. ನಿಮ್ಮದು ಮತ್ತು ಚಿಕ್ಕ ತಮ್ಮನದು ಎಚ್‌ಎಲ್‌ಎ ಪರೀಕ್ಷೆ, ಅಂದರೆ ಮ್ಯಾರೋ ಹೊಂದುತ್ತಾ ಅಂತ ನೋಡುವ ಪರೀಕ್ಷೆ, ಈ ವಾರವೇ ಆಗಲಿ. ಹೊಲ ಮಾರುವುದು ಅವಸರದ ಕೆಲಸ ಅಲ್ಲ. ಇದನ್ನು ಅಪ್ಪನಿಗೆ ಈಗಲೇ ಫೋನ್ ಮಾಡಿ ಹೇಳಿ, ಆಮೇಲೆ ಮುಂದೆ ಓದಿ. ಆಸ್ಪತ್ರೆ ಖರ್ಚಿಗೆ ಅಂತ ಗಡಿಬಿಡಿಯಲ್ಲಿ ಮಾರುವ ಹೊಲಕ್ಕೆ ಯಾರೂ ಸರಿಯಾದ ಬೆಲೆ ಕೊಡುವುದಿಲ್ಲ. ಕೊಳ್ಳುವವರಿಗೆ ನಿಮ್ಮ ಮನೆ ಕಷ್ಟ ನಿಮ್ಮ ನೆಂಟರಿಗಿಂತ ಮೊದಲೇ ಗೊತ್ತಾಗಿರುತ್ತದೆ.

ಈಗ ಕಾಯಿಲೆ ಏನು ಅಂತ. ಮಟನ್ ತಿನ್ನುವವರಿಗೆ ನಲ್ಲಿ ಮೂಳೆ ಗೊತ್ತು. ಒಳಗಿರುವ ಮೆತ್ತನೆಯ ವಸ್ತುವೇ ಮಜ್ಜೆ. ನಮ್ಮ ರಕ್ತದ ಕಣಗಳೆಲ್ಲ ತಯಾರಾಗುವುದು ಅಲ್ಲೇ. ನಿಮ್ಮ ತಮ್ಮನ ಮಜ್ಜೆಯಲ್ಲಿ ಕಣ ಹುಟ್ಟಿಸುವ ಮೂಲಕೋಶಗಳು ಹೆಚ್ಚುಕಮ್ಮಿ ಖಾಲಿಯಾಗಿ ಆ ಜಾಗದಲ್ಲಿ ಕೊಬ್ಬು ತುಂಬಿಕೊಂಡಿದೆ. ಖಾಲಿ ಮಾಡಿದ್ದು ಬಹಳ ಸಲ ಅವನದೇ ದೇಹದ ಕಾವಲು ಕಣಗಳು. ಯಾಕೋ ಏನೋ, ಮನೆಯವರನ್ನೇ ಕಳ್ಳರು ಅಂದುಕೊಂಡು ಹೊಡೆದುಬಿಟ್ಟಿವೆ. ಇದು ಕ್ಯಾನ್ಸರ್ ಅಲ್ಲ, ಅಂಟು ರೋಗವೂ ಅಲ್ಲ. ಪಾಲ್ ಎರ್ಲಿಶ್ ಅನ್ನುವ ಜರ್ಮನ್ ವೈದ್ಯರು 1888ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ಏಷ್ಯಾದಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಆದರೂ ಅಪರೂಪವೇ, ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ನಾಲ್ಕಾರು ಮಂದಿ.

ಮೂಲಕೋಶವೇ ಇಲ್ಲದ ಮೇಲೆ ಕಬ್ಬಿಣದ ಟಾನಿಕ್ ಏನು ಮಾಡೀತು? ಒಲೆಯೇ ಆರಿದೆ, ನಾವು ಅಕ್ಕಿ ಸುರಿಯುತ್ತಿದ್ದೇವೆ. ಟಾನಿಕ್ ನಿಲ್ಲಿಸಿ. ಬೀಟ್‌ರೂಟ್, ದಾಳಿಂಬೆ ತಿಂದರೆ ತಿನ್ನಲಿ, ಅದರಿಂದ ಕೌಂಟ್ ಏರುತ್ತೆ ಅಂತ ಕಾಯಬೇಡಿ. ಪಪ್ಪಾಯ ಎಲೆ ರಸ ಅಂತೂ ಬೇಡವೇ ಬೇಡ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬಿದ್ದು ತಾನಾಗಿ ಏರುತ್ತದೆ, ಹೆಸರು ಎಲೆಗೆ ಬರುತ್ತದೆ. ಇಲ್ಲಿ ತಾನಾಗಿ ಏರುವುದಿಲ್ಲ. ಹಸಿ ಎಲೆ ಅರೆದು ಕುಡಿಸಿ ಬರುವ ಭೇದಿ, ಸೋಂಕನ್ನ ಮಾತ್ರ ಇವನು ತಡೆದುಕೊಳ್ಳಲಾರ.

ಜ್ವರಕ್ಕೆ ಬರೋಣ. ಮನೆಯಲ್ಲಿ ಥರ್ಮಾಮೀಟರ್ ಇದೆಯಾ? ಇಲ್ಲದಿದ್ದರೆ ಇವತ್ತೇ ತನ್ನಿ, ಹಣೆ ಮುಟ್ಟಿ ನೋಡುವ ಲೆಕ್ಕ ಬೇಡ. 100.4 ತೋರಿಸಿದರೆ ಹೊರಡಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ, ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ, ಬೆಳಗಾಗುವಷ್ಟರಲ್ಲಿ ಬಿಪಿ ಬಿದ್ದಿರುತ್ತದೆ. ಆಸ್ಪತ್ರೆ ಬಾಗಿಲಲ್ಲೇ 'ನ್ಯೂಟ್ರೋಫಿಲ್ 288 ಇದೆ, ಜ್ವರ ಬಂದಿದೆ' ಅಂತ ಇಷ್ಟನ್ನೇ ಹೇಳಿ. ಇಂಥವರಿಗೆ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗಬೇಕು ಅನ್ನುವುದು ಎಲ್ಲಾ ಕಡೆ ನಿಯಮ. ಇನ್ನೊಂದು, ಊರಿನ ಡಾಕ್ಟ್ರ ಹತ್ತಿರ ಸೊಂಟಕ್ಕೆ ಸೂಜಿ ಹಾಕಿಸುವ ಅಭ್ಯಾಸ. 9,000 ಪ್ಲೇಟ್‌ಲೆಟ್ ಇರುವ ಹುಡುಗನ ಸೊಂಟಕ್ಕೆ ಚುಚ್ಚಿದರೆ ಒಳಗೇ ರಕ್ತ ಗಡ್ಡೆ ಕಟ್ಟುತ್ತದೆ, ಆಮೇಲೆ ಅದೇ ಕೀವಾಗುತ್ತದೆ. ಮೈಕೈ ನೋವಿಗೆ ಡೈಕ್ಲೋಫಿನಾಕ್, ಬ್ರೂಫೆನ್, ಆಸ್ಪಿರಿನ್ ಕೂಡ ಬೇಡ.

ಬ್ರಷ್ ತೀರಾ ಮೆತ್ತನೆಯದು ಇರಲಿ. ಗಡ್ಡಕ್ಕೆ ಬ್ಲೇಡ್ ಬದಲು ಟ್ರಿಮ್ಮರ್. ಬೈಕ್ ಕೀ ತೆಗೆದಿಟ್ಟುಕೊಳ್ಳಿ, ಜಗಳ ಆಡುತ್ತಾನೆ, ಆಡಲಿ. ಊಟದ ವಿಷಯದಲ್ಲಿ ಅತಿ ಪಥ್ಯ ಮಾಡಿಸಬೇಡಿ. ಬಿಸಿ ಮುದ್ದೆ, ಬಿಸಿ ರೊಟ್ಟಿ, ಆಗಷ್ಟೇ ಇಳಿಸಿದ ಸಾರು ಎಲ್ಲವೂ ಆಗುತ್ತದೆ. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ತಿನ್ನಬೇಡ ಅನ್ನೋಕೆ ನನಗೂ ಬಾಯಿ ಬರುವುದಿಲ್ಲ. ಹೆಂಚಿನಿಂದ ಇಳಿದ ದೋಸೆ ಪರವಾಗಿಲ್ಲ, ಬೆಳಗ್ಗಿನಿಂದ ಇಟ್ಟ ಚಟ್ನಿ ಬೇಡ. ಬೀದಿಬದಿ ಮಂಡಕ್ಕಿ, ಹೆಚ್ಚಿಟ್ಟ ಹಸಿ ಈರುಳ್ಳಿ, ಪಚಡಿ ಸದ್ಯಕ್ಕೆ ಮರೆತುಬಿಡಲಿ. ನೋಡೋಕೆ ಬರುವ ನೆಂಟರನ್ನ ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು ನಮ್ಮ ಕಡೆ ಕಷ್ಟ, ಗೊತ್ತು. ಆದರೂ ನೆಗಡಿ ಕೆಮ್ಮು ಇದ್ದವರನ್ನ ಒಳಗೆ ಬಿಡಬೇಡಿ.

ಇನ್ನು ನಾನು ನಿಜವಾಗಿ ಹೇಳಬೇಕಿದ್ದದ್ದು, ರಕ್ತ. ಇಂಥ ಸುದ್ದಿ ಬಂದ ತಕ್ಷಣ ಅಪ್ಪ, ಚಿಕ್ಕಪ್ಪ, ಅಕ್ಕ ಎಲ್ಲರೂ ಬ್ಲಡ್ ಬ್ಯಾಂಕ್ ಮುಂದೆ ತೋಳು ಮಡಚಿ ನಿಲ್ಲುತ್ತಾರೆ. ಪ್ರೀತಿಯೇ. ಆದರೆ ಮಜ್ಜೆ ಕಸಿ ಆಗಬಹುದಾದ ಹುಡುಗನಿಗೆ ರಕ್ತಸಂಬಂಧಿಗಳ ರಕ್ತ, ಪ್ಲೇಟ್‌ಲೆಟ್ ಎರಡನ್ನೂ ಹಾಕಬಾರದು. ಯಾಕೆ ಅಂದರೆ ನಾಳೆ ನಿಮ್ಮ ಮಜ್ಜೆಯನ್ನೇ ಅವನಿಗೆ ಹಾಕಬೇಕಾಗಬಹುದು. ಇವತ್ತು ನಿಮ್ಮ ರಕ್ತ ಹೋದರೆ ಅವನ ದೇಹ ನಿಮ್ಮ ಕಣಗಳ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ನಾಳೆ ಮಜ್ಜೆ ಬಂದಾಗ, ಓ ಇವರಾ, ಅಂತ ಹೊಡೆದು ಓಡಿಸುತ್ತದೆ. ಅದೂ ಅಲ್ಲದೆ ಹತ್ತಿರದ ಸಂಬಂಧಿಕರ ರಕ್ತದಲ್ಲಿರುವ ಬಿಳಿ ಕಣಗಳು ಅವನ ದೇಹದೊಳಗೆ ಗೊತ್ತಾಗದಂತೆ ನೆಲೆಯೂರಿ ಅವನ ಮೇಲೇ ತಿರುಗಿಬೀಳುವ ಅಪಾಯವೂ ಇದೆ. ಅಪರೂಪ, ಆದರೆ ಬಂದರೆ ಉಳಿಸುವುದು ತುಂಬಾ ಕಷ್ಟ. ಸಂಬಂಧದಲ್ಲೇ ಮದುವೆಯಾದ ಮನೆತನಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ.

ಆದ್ದರಿಂದ ನೀವು ಕೊಡಬೇಡಿ. ನಿಮ್ಮ ಯಜಮಾನರು ಕೊಡಲಿ. ಭಾವ ಕೊಟ್ಟರೆ ತೊಂದರೆ ಇಲ್ಲ. ಅವರೂ ನಿಮ್ಮ ಸಂಬಂಧದವರೇ ಆಗಿದ್ದರೆ ಅವರೂ ಬೇಡ, ನಮ್ಮ ಕಡೆ ಇದನ್ನು ಕೇಳಿಯೇ ಬರೆಯಬೇಕು! ಅವನ ಕಾಲೇಜಿನ ಹುಡುಗರು ಇನ್ನೂ ಒಳ್ಳೆಯದು. ಹತ್ತು ಹನ್ನೆರಡು ಜನರ ಹೆಸರು, ಗ್ರೂಪ್, ಫೋನ್ ನಂಬರ್ ಬರೆದಿಡಿ. ಪ್ಲೇಟ್‌ಲೆಟ್ ಎರಡು ಬಗೆ ಸಿಗುತ್ತದೆ. ಸಾಮಾನ್ಯ ರಕ್ತದಾನದಿಂದ ಬೇರ್ಪಡಿಸಿದ ಚಿಕ್ಕ ಬ್ಯಾಗ್ ಆರ್‌ಡಿಪಿ. ಒಬ್ಬರನ್ನೇ ಮಿಷಿನ್‌ಗೆ ಕೂರಿಸಿ ಗಂಟೆ ಒಂದೂವರೆ ಗಂಟೆಯಲ್ಲಿ ತೆಗೆಯುವ ದೊಡ್ಡ ಬ್ಯಾಗ್ ಎಸ್‌ಡಿಪಿ. ಅದು ಐದಾರು ಚಿಕ್ಕ ಬ್ಯಾಗ್‌ಗೆ ಸಮ, ಮತ್ತೆ ಆರು ಜನರ ಬದಲು ಒಬ್ಬರ ಕಣ ಮಾತ್ರ ಒಳಗೆ ಹೋಗುತ್ತದೆ. ಇವನಿಗೆ ಎಸ್‌ಡಿಪಿ ಕೇಳಿ. ಬ್ಲಡ್ ಬ್ಯಾಂಕ್‌ನಲ್ಲಿ ನೋಡಿದರೆ ತಿಳಿ ಹಳದಿ ಬಣ್ಣದ ಬ್ಯಾಗ್ ಒಂದು ಟ್ರೇ ಮೇಲೆ ಮಲಗಿ ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತಿರುತ್ತದೆ. ಅದನ್ನು ಫ್ರಿಜ್‌ನಲ್ಲಿ ಇಡುವ ಹಾಗಿಲ್ಲ, ತೂಗುವುದನ್ನ ನಿಲ್ಲಿಸುವ ಹಾಗಿಲ್ಲ, ಐದು ದಿನಕ್ಕಿಂತ ಬಾಳುವುದೂ ಇಲ್ಲ. ಹಾಗಾಗಿ ತಂದು ಮನೆಯಲ್ಲೋ ವಾರ್ಡ್‌ನ ಫ್ರಿಜ್‌ನಲ್ಲೋ ಇಟ್ಟುಕೊಳ್ಳುವ ಮಾತೇ ಇಲ್ಲ, ತಂದ ಕೂಡಲೇ ಹಾಕಿಸಬೇಕು. ಕೆಂಪು ರಕ್ತ ಹಾಕುವಾಗ ಬಿಳಿ ಕಣ ತೆಗೆಯುವ ಫಿಲ್ಟರ್ ಬಳಸಿದ್ದೀರಾ ಅಂತ ಕೇಳಿ. ಬಿಳಿ ಕಣ ತಿರುಗಿಬೀಳದ ಹಾಗೆ ವಿಕಿರಣ ಕೊಟ್ಟ ರಕ್ತ ಸಿಗುವ ಊರಿಗೆ ಹೋದ ಮೇಲೆ ಅದನ್ನೇ ಕೇಳಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಿತ್ರದುರ್ಗದ ಕಡೆಯಿಂದ ಒಬ್ಬ ಹುಡುಗ ಬಂದಿದ್ದ, ಇದೇ ಕಾಯಿಲೆ. ಎಲ್ಲಾ ಕೇಳಿದೆ, ಇಲ್ಲಿಯವರೆಗೆ ಹಾಕಿದ ರಕ್ತ ಯಾರದು ಅಂತ ಮಾತ್ರ ಕೇಳಲಿಲ್ಲ. ನಾನು ನೋಡಿಕೊಂಡ ಎರಡು ತಿಂಗಳೂ ಅವರ ಮನೆಯವರೇ ಸರದಿ ಪ್ರಕಾರ ಕೊಡುತ್ತಿದ್ದರು. ಎಷ್ಟು ಒಗ್ಗಟ್ಟಿನ ಮನೆ ಅಂತ ನಾನೇ ಹೊಗಳಿದ್ದೆ. ಆಮೇಲೆ ಎಷ್ಟು ಪ್ಲೇಟ್‌ಲೆಟ್ ಹಾಕಿದರೂ ಮಾರನೇ ದಿನದ ಕೌಂಟ್ ಅಲ್ಲಾಡಲಿಲ್ಲ. ಅವನ ತಾಯಿ ಗೋಡೆ ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಪ್ರತಿದಿನದ ಕೌಂಟ್ ಬರೆದಿಡುತ್ತಿದ್ದರು. 6,000, 5,000, 6,000, 4,000. ಅದನ್ನು ನನ್ನ ಮುಂದೆ ಹಿಡಿದು, ಹಾಕಿದ್ದೆಲ್ಲ ಎಲ್ಲಿಗೆ ಹೋಗ್ತಿದೆ ಡಾಕ್ಟ್ರೇ, ಅಂದರು. ಎಲ್ಲಿಗೆ ಹೋಗುತ್ತಿತ್ತು ಅಂತ ನನಗೆ ಗೊತ್ತಿತ್ತು, ಗುರುತು ಹಿಡಿದಿಟ್ಟುಕೊಂಡ ಅವನ ದೇಹವೇ ಹೊಡೆದುಹಾಕುತ್ತಿತ್ತು. ನೀವೂ ಹೀಗೆ ಒಂದು ಪುಸ್ತಕ ಇಡಿ. ದಿನಾಂಕ, ಕೌಂಟ್, ಯಾವ ಬ್ಯಾಗ್, ಯಾರು ಕೊಟ್ಟದ್ದು.

ಈಗ ನಿಮ್ಮ ಗ್ರೂಪಿನ ಪ್ರಶ್ನೆ, ಆಮೇಲೆ ಅತ್ತೆಯವರ ಮಾತು. ಬ್ಲಡ್ ಗ್ರೂಪ್ ಬೇರೆ ಆದರೂ ಕಸಿ ಆಗುತ್ತದೆ. ಹೊಂದಬೇಕಾದದ್ದು ಎಚ್‌ಎಲ್‌ಎ, ಅದು ಬೇರೆಯೇ ಗುರುತು. ನಿಮ್ಮ ಬಿ ಗ್ರೂಪ್ ಮಜ್ಜೆಯಿಂದ ಕೆಂಪು ಕಣ ಬೇರ್ಪಡಿಸಿ ಕೊಡುತ್ತಾರೆ. ಎಲ್ಲ ಸರಿಹೋದರೆ ಕೆಲವು ತಿಂಗಳ ಮೇಲೆ ನಿಮ್ಮ ತಮ್ಮನೂ ಬಿ ಪಾಸಿಟಿವ್ ಆಗಿಬಿಡುತ್ತಾನೆ. ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಅವಕಾಶ ನಾಲ್ಕರಲ್ಲಿ ಒಂದು. ನೀವು ಇಬ್ಬರಿದ್ದೀರಿ, ಹಾಗಾಗಿ ಅರ್ಧಕ್ಕೆ ಹತ್ತಿರ. ಅಪ್ಪ ಅಮ್ಮ ಸಂಬಂಧಿಕರಾದ್ದರಿಂದ ಅವಕಾಶ ಇನ್ನೂ ಸ್ವಲ್ಪ ಜಾಸ್ತಿಯೇ, ಕೆಲವೊಮ್ಮೆ ಅಪ್ಪನದೋ ಅಮ್ಮನದೋ ಪೂರ್ತಿ ಹೊಂದಿಬಿಡುವುದೂ ಉಂಟು. ಅವರನ್ನೂ ಪರೀಕ್ಷೆ ಮಾಡಿಸಿ.

ಮೂಳೆ ಕೊರೆಯುವುದು ಅಂದರೆ ಅತ್ತೆಯವರ ಕಣ್ಣ ಮುಂದೆ ಬಡಗಿಯ ಬೈರಿಗೆ ಬಂದಿರಬೇಕು. ನಡೆಯುವುದು ಇಷ್ಟು. ಅರಿವಳಿಕೆ ಕೊಟ್ಟು ಬೋರಲು ಮಲಗಿಸಿ, ಸೊಂಟದ ಹಿಂದಿನ ಮೂಳೆಯಿಂದ ಸೂಜಿಯಲ್ಲಿ ಮಜ್ಜೆ ಎಳೆಯುತ್ತಾರೆ. ನೋಡೋಕೆ ದಪ್ಪ ರಕ್ತದ ಹಾಗೇ ಇರುತ್ತದೆ. ಕೆಲವು ದಿನ ಸೊಂಟ ನೋಯುತ್ತದೆ, ಜಾರಿ ಬಿದ್ದಾಗ ನೋಯುವ ಹಾಗೆ. ತೆಗೆದಷ್ಟೂ ಮಜ್ಜೆ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಗರ್ಭಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ, ಮಕ್ಕಳಾಗುತ್ತವೆ. ನೀವು ಈಗ ಗರ್ಭಿಣಿಯಾಗಿದ್ದರೆ ಮಾತ್ರ ತೆಗೆಯುವುದಿಲ್ಲ. ಇಬ್ಬರದೂ ಹೊಂದಿದರೆ ಬಹುಶಃ ಚಿಕ್ಕ ತಮ್ಮನನ್ನೇ ಆರಿಸುತ್ತಾರೆ. ಹೆತ್ತ ಹೆಣ್ಣುಮಕ್ಕಳ ಮಜ್ಜೆ ಗಂಡಸಿಗೆ ಹೋದಾಗ ಅದು ಅವನ ಚರ್ಮ, ಕರುಳಿನ ಮೇಲೆ ತಿರುಗಿಬೀಳುವುದು ತುಸು ಜಾಸ್ತಿ. ಅತ್ತೆಯವರನ್ನ ಮನೆಯಲ್ಲಿ ಕೂರಿಸಿ ವಾದ ಮಾಡಬೇಡಿ. ಬೆಂಗಳೂರಿಗೆ ಮೊದಲ ಸಲ ಹೋಗುವಾಗ ಜೊತೆಗೇ ಕರೆದುಕೊಂಡು ಹೋಗಿ, ಅವರೇ ಡಾಕ್ಟರ್‌ನ ಕೇಳಲಿ. ನಾನು ನೋಡಿದ ಹಾಗೆ, ಕೇಳೋಕೆ ಅವಕಾಶ ಸಿಕ್ಕ ಅತ್ತೆಯರು ಆಮೇಲೆ ಎಲ್ಲರಿಗಿಂತ ಮುಂದೆ ನಿಂತು ಅಡುಗೆ ಡಬ್ಬಿ ಹೊತ್ತಿದ್ದಾರೆ. ಮತ್ತೆ ಒಂದು ಮಾತು, ಮಜ್ಜೆ ಕೊಡುವುದು ನಿಮ್ಮ ಇಷ್ಟ. ಮನಸ್ಸಿಲ್ಲದಿದ್ದರೆ ಡಾಕ್ಟರ್ ಹತ್ತಿರ ಒಬ್ಬರೇ ಇದ್ದಾಗ ಹೇಳಬಹುದು. ಮನೆಯವರ ಮುಂದೆ ನಿಮ್ಮನ್ನು ಸಿಕ್ಕಿಸುವುದಿಲ್ಲ.

ಸೋದರಮಾವನ ಮದುವೆಯಿಂದ ಬಂತಾ? ಬಹುತೇಕ ಇಲ್ಲ. ಆದರೆ ಪ್ರಶ್ನೆ ಒಳ್ಳೆಯದು, ಡಾಕ್ಟರ್‌ಗೆ ಖಂಡಿತ ಹೇಳಿ. ಫ್ಯಾಂಕೋನಿ ಅನೀಮಿಯಾ ಅಂತ ಒಂದು ವಂಶವಾಹಿ ಕಾಯಿಲೆ ಇದೆ, ಸಂಬಂಧದ ಮದುವೆಗಳಲ್ಲಿ ಜಾಸ್ತಿ. ಕೆಲವರಿಗೆ ಕುಳ್ಳ ದೇಹ, ಹೆಬ್ಬೆರಳಿನ ತೊಂದರೆ, ಮೈಮೇಲೆ ಕಂದು ಮಚ್ಚೆ ಇರುತ್ತದೆ, ಕೆಲವರಿಗೆ ಏನೂ ಇರುವುದಿಲ್ಲ. ಹೊರಗಿನಿಂದ ಇದೇ ಎಪ್ಲಾಸ್ಟಿಕ್ ಅನೀಮಿಯಾದಂತೆ ಕಾಣುತ್ತದೆ, ಚಿಕಿತ್ಸೆ ಪೂರ್ತಿ ಬೇರೆ. ಕ್ರೋಮೋಸೋಮ್ ಬ್ರೇಕೇಜ್ ಟೆಸ್ಟ್‌ನಲ್ಲಿ ಗೊತ್ತಾಗುತ್ತದೆ. ಅದನ್ನು ಮಾಡಿಸದೆ ಮುಂದೆ ಹೋಗಬೇಡಿ. ತಮ್ಮನಿಗೆ ಫ್ಯಾಂಕೋನಿ ಅಂತ ಬಂದರೆ, ಕೊಡಲು ಹೊರಟ ನಿಮ್ಮಿಬ್ಬರಿಗೂ ಅದೇ ಇದೆಯಾ ಅಂತ ನೋಡಬೇಕು. ಪಿಎನ್‌ಎಚ್ ಅನ್ನುವ ಇನ್ನೊಂದು ರಕ್ತದ ಕಾಯಿಲೆ ಇದೆಯಾ ಅಂತ ನೋಡೋಕೆ ಫ್ಲೋ ಸೈಟೋಮೆಟ್ರಿ ಅನ್ನುವ ರಕ್ತ ಪರೀಕ್ಷೆ, ಜೊತೆಗೆ ಬಿ12 ಪರೀಕ್ಷೆ ಆಗಲಿ. ಸಸ್ಯಾಹಾರಿಗಳಲ್ಲಿ ಬಿ12 ಕಮ್ಮಿಯಾಗಿ ಮೂರೂ ಕಣ ಬಿದ್ದಿರುವುದನ್ನ ನಾವು ವಾರಕ್ಕೊಮ್ಮೆಯಾದರೂ ನೋಡುತ್ತೇವೆ, ಅದು ಇಂಜೆಕ್ಷನ್‌ಗೆ ಹೋಗುತ್ತದೆ. ನಿಮ್ಮ ತಮ್ಮನದು ಬಯಾಪ್ಸಿಯಲ್ಲೇ ಗೊತ್ತಾಗಿರುವುದರಿಂದ ಆ ಆಸೆ ನಾನು ಹುಟ್ಟಿಸುವುದಿಲ್ಲ.

ಅಪ್ಪನಿಗೆ ಇಷ್ಟು ಹೇಳಿ. ಕೀಟನಾಶಕಕ್ಕೂ ಈ ಕಾಯಿಲೆಗೂ ನಂಟಿರಬಹುದು ಅಂದ ಅಧ್ಯಯನಗಳು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಬಹುಪಾಲು ರೋಗಿಗಳಲ್ಲಿ ಕಾರಣ ಸಿಗುವುದೇ ಇಲ್ಲ. ಜಗಳೂರಿನ ಸುತ್ತ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯದ ಹುಡುಗ ಯಾರಿದ್ದಾನೆ? ಅವರೆಲ್ಲ ಚೆನ್ನಾಗಿದ್ದಾರಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕರೂ ಚಿಕಿತ್ಸೆ ಒಂದಿಂಚೂ ಬದಲಾಗುವುದಿಲ್ಲ.

ಚಿಕಿತ್ಸೆಯ ದಾರಿ ಎರಡು. ಎಚ್‌ಎಲ್‌ಎ ಹೊಂದಿದ ಒಡಹುಟ್ಟಿದವರು ಸಿಕ್ಕರೆ ಈ ವಯಸ್ಸಿಗೆ ಕಸಿಯೇ ಮೊದಲು. ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಯುವಕರು ಉಳಿಯುತ್ತಾರೆ. ನಮ್ಮ ದೇಶಕ್ಕೆ ಇದು ಹೊಸತಲ್ಲ, ಮುಂಬೈನ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲೇ ಮೊದಲ ಮಜ್ಜೆ ಕಸಿ ಆಗಿದೆ, ವೆಲ್ಲೂರಿನ ಸಿಎಂಸಿಯಲ್ಲಿ 1986ರಿಂದ ನಡೆಯುತ್ತಿದೆ. ಹೊಂದುವವರು ಸಿಗದಿದ್ದರೆ ಎಟಿಜಿ. ಮಜ್ಜೆಯನ್ನ ಹೊಡೆಯುತ್ತಿರುವ ಕಾವಲು ಕಣಗಳನ್ನ ಅಡಗಿಸುವ, ಕುದುರೆಯ ರಕ್ತದಿಂದ ತಯಾರಾಗುವ ಔಷಧಿ, ಸಾಮಾನ್ಯವಾಗಿ ನಾಲ್ಕು ದಿನ ಡ್ರಿಪ್‌ನಲ್ಲಿ ಹೋಗುತ್ತದೆ. ಜೊತೆಗೆ ಸೈಕ್ಲೋಸ್ಪೋರಿನ್ ಮತ್ತು ಎಲ್‌ಟ್ರೋಂಬೋಪಾಗ್ ಮಾತ್ರೆ. ಹೆಚ್ಚುಕಮ್ಮಿ ಮೂರರಲ್ಲಿ ಎರಡು ಮಂದಿಗೆ ಕೆಲಸ ಮಾಡುತ್ತದೆ. ಆದರೆ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಮನೆಯವರು ಸೋಲುವುದು ಇಲ್ಲೇ. ಎರಡನೇ ತಿಂಗಳಿಗೆ, ಏನೂ ಆಗಲಿಲ್ಲ, ಅಂತ ಮಾತ್ರೆ ಬಿಡಿಸಿ ಯಾವುದೋ ನಾಟಿ ಔಷಧಿಗೆ ಹೋಗುತ್ತಾರೆ. ಅರ್ಧ ಹೊಂದುವವರಿಂದ ಮಾಡುವ ಕಸಿಯೂ ಈಗ ಬಂದಿದೆ, ಅಪಾಯ ಮತ್ತು ಖರ್ಚು ಎರಡೂ ಜಾಸ್ತಿ, ಅದನ್ನು ಅಲ್ಲಿನ ಡಾಕ್ಟರ್ ಜೊತೆಗೇ ಮಾತಾಡಿ. ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ಕಸಿಗೆ ಮುಂಚೆ ಕೊಡುವ ಔಷಧಿಯಿಂದ ಮುಂದೆ ಅವನಿಗೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು. ಮೊದಲೇ ವೀರ್ಯ ತೆಗೆದು ಶೇಖರಿಸಿಡುವ ವ್ಯವಸ್ಥೆ ಇದೆ. ಅಕ್ಕನಾಗಿ ನಿಮಗೆ ಕೇಳೋಕೆ ಮುಜುಗರ ಆದರೆ ನಿಮ್ಮ ಯಜಮಾನರು ಕೇಳಲಿ.

ದುಡ್ಡು. ಖಾಸಗಿಯಲ್ಲಿ ಒಡಹುಟ್ಟಿದವರ ಕಸಿಗೆ ಹತ್ತು ಲಕ್ಷದ ಆಚೀಚೆ ಹಿಡಿಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜಿನ ಶೇ 30, ಅದೂ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ದಾವಣಗೆರೆಯಲ್ಲಿ ಅಂದರೆ ಚಿಗಟೇರಿ ಆಸ್ಪತ್ರೆಯಲ್ಲಿ. ಸೇರುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನ ಹಿಡಿದು ಯಾವುದು ಸೇರುತ್ತೆ ಯಾವುದು ಸೇರಲ್ಲ ಕೇಳಿ. ಆಸ್ಪತ್ರೆಯಿಂದ ಅಂದಾಜು ಖರ್ಚಿನ ಪತ್ರ ಬರೆಸಿಕೊಂಡರೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ಪರಿಹಾರ ನಿಧಿ ಎರಡಕ್ಕೂ ಹಾಕಬಹುದು. ನಮ್ಮ ದಾವಣಗೆರೆಯಲ್ಲೇ ಇರುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಹೆಸರು ಕೇಳಿರುತ್ತೀರಿ. ಅಲ್ಲಿಗೆ ಹೋಗುವ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯ ಮಕ್ಕಳಿಗೆ ಅಂಗವಿಕಲ ಕಾರ್ಡ್ ಇದೆ, ನಮಗೂ ಸಿಗುತ್ತಾ ಅಂತ ಬಹಳ ಜನ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ, ತಲಸ್ಸೇಮಿಯಾ, ಸಿಕಲ್ ಸೆಲ್ ಇವೆ. ಎಪ್ಲಾಸ್ಟಿಕ್ ಅನೀಮಿಯಾ ಇಲ್ಲ. ಅನ್ಯಾಯವೇ, ಆದರೆ ಸದ್ಯ ಅದಕ್ಕೆ ಓಡಾಡಿ ಸಮಯ ಕಳೆಯಬೇಡಿ.

ಕಸಿ ಆದರೆ ಸುಮಾರು ನೂರು ದಿನ ಆಸ್ಪತ್ರೆ ಹತ್ತಿರವೇ ಇರಬೇಕು. ಅಡುಗೆಮನೆ ಇರುವ ಒಂದು ರೂಮು, ಒಬ್ಬರು ಪೂರ್ತಿ ಅವನ ಜೊತೆ. ಅಮ್ಮ ಹೋದರೆ ಊರಲ್ಲಿ ಎಮ್ಮೆ ಯಾರು ಹಿಂಡುತ್ತಾರೆ, ಅಪ್ಪನಿಗೆ ಯಾರು ಬೇಯಿಸಿ ಹಾಕುತ್ತಾರೆ, ಹತ್ತನೇ ಕ್ಲಾಸಿನವನನ್ನ ಯಾರು ನೋಡಿಕೊಳ್ಳುತ್ತಾರೆ? ಹೊಲದ ಚರ್ಚೆ ಬಿಟ್ಟು ಈ ಚರ್ಚೆ ಮಾಡಿ. ಸುಮ್ನೆ ನೋಡೋಕೆ ಬರುವ ನೆಂಟರಿಗೆ ಈ ಕೆಲಸಗಳನ್ನ ಹಂಚಿ.

ತಮ್ಮನಿಗೆ ಹೇಳಿಬಿಡಿ. 19 ವರ್ಷದ ಹುಡುಗ, ಕೈಯಲ್ಲಿ ಫೋನ್ ಇದೆ, ರಿಪೋರ್ಟ್ ಮೇಲೆ ಹೆಸರು ದಪ್ಪಕ್ಷರದಲ್ಲಿದೆ. ಅವನು ಈಗಾಗಲೇ ಹುಡುಕಿ ಓದಿರುತ್ತಾನೆ, ನಿಮಗೆ ಬೇಜಾರಾಗುತ್ತೆ ಅಂತ ಗೊತ್ತಿಲ್ಲದವನ ಹಾಗೆ ಇರುತ್ತಾನೆ. ಜ್ವರದ ಅಪಾಯ ಗೊತ್ತಿಲ್ಲದ ಹುಡುಗ ರಾತ್ರಿ ಚಳಿ ಬಂದರೆ ಯಾರಿಗೂ ಹೇಳದೆ ಕಂಬಳಿ ಹೊದ್ದು ಮಲಗುತ್ತಾನೆ. ಅಮ್ಮ ಅಳದೇ ಇರುವ ಒಂದು ಸಂಜೆ ನೋಡಿಕೊಂಡು ನೀವೇ ಕೂತು ಹೇಳಿ. ಕೌಂಟ್ ಬರೆಯುವ ಪುಸ್ತಕವನ್ನ ಅವನ ಕೈಗೇ ಕೊಡಿ.

ಎಚ್‌ಎಲ್‌ಎ ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ. ಹಾಗೇ ನಿಮ್ಮ ಯಜಮಾನರ ಬ್ಲಡ್ ಗ್ರೂಪ್ ಯಾವುದು, ಅವರು ನಿಮಗೆ ಮೊದಲೇ ಸಂಬಂಧವಾ, ಅದನ್ನೂ ತಿಳಿಸಿ.